ಡಾಲರ್ ಇಲ್ಲದ ನಾಡಿನ ಗಿಟಾರ್‌ಗಳು

ಲಂಡನ್ನಿನಿಂದ ಹೊರಟ ರೈಲು ಥೇಮ್ಸ್ ನದಿಯ ದಕ್ಷಿಣ ದಂಡೆಯ ಊರುಗಳನ್ನು ಒಂದೊಂದಾಗಿ ಹಿಂದೆ ಬಿಡುತ್ತ ಮುಕ್ಕಾಲು ಗಂಟೆಯ ಸುಮಾರಿಗೆ ಡಾರ್ಟ್‌ಫರ್ಡ್ ಮುಟ್ಟುತ್ತದೆ. ಅಲ್ಲಿನ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಒಂದು ನೀಲಿ ಫಲಕವಿದೆ. 1961ರ ಅಕ್ಟೋಬರ್ 17ರಂದು ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಎಂಬ ಇಬ್ಬರು ಹುಡುಗರು ಇಲ್ಲಿ ಎದುರುಬದುರಾದರು. ಜಾಗರ್ ಹಿಡಿದಿದ್ದ ಚಕ್ ಬೆರಿ, ಮಡ್ಡಿ ವಾಟರ್ಸ್ ರೆಕಾರ್ಡುಗಳನ್ನು ಕಂಡು ರಿಚರ್ಡ್ಸ್ ಮಾತಿಗೆ ನಿಂತರು. ರೋಲಿಂಗ್ ಸ್ಟೋನ್ಸ್ ಕಥೆ ಶುರುವಾದದ್ದು ಹೀಗೆ. 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿ ಹೋದರಲ್ಲ, ಅದೇ ತಂಡ. 2023ರಿಂದೀಚೆಗೆ ಊರಿನ ಪೇಟೆ ಬೀದಿಯಲ್ಲಿ ಇಬ್ಬರ ಕಂಚಿನ ಪ್ರತಿಮೆಗಳೂ ಇವೆ.

ನನ್ನ ಚಿಕ್ಕಮ್ಮನ ಮಗ ಪ್ರತಿಮೆಗಳ ಕಡೆ ತಿರುಗಲೇ ಇಲ್ಲ. "ಅಕ್ಕಾ, ಅದೆಲ್ಲ ಆಮೇಲೆ. ಮೊದಲು ಡಾರ್ಟ್‌ಫರ್ಡ್ ರೋಡಿಗೆ ಹೋಗೋಣ" ಎಂದು ಸರಸರ ಹೆಜ್ಜೆ ಹಾಕಿದ. ಕೆಂಟ್‌ನಲ್ಲಿ ನೆಲೆಸಿರುವ ಇವನ ಹೊಟ್ಟೆಪಾಡು ಕಂಪ್ಯೂಟರಿನದು, ಜೀವ ಮಾತ್ರ ಹಳೆಯ ಬ್ರಿಟಿಷ್ ಎಲೆಕ್ಟ್ರಿಕ್ ಗಿಟಾರ್‌ಗಳದು. ಹಳೇ ಗಿಟಾರ್ ಕೂಡಿಡುವವರು ಸಾಮಾನ್ಯವಾಗಿ ಅಮೆರಿಕದ ಫೆಂಡರ್, ಗಿಬ್ಸನ್ ಹಿಂದೆ ಬೀಳುತ್ತಾರೆ. ಇವನು ಹುಡುಕುವುದು ಬರ್ನ್ಸ್, ವಾಕ್ಸ್, ವಾಟ್ಕಿನ್ಸ್, ಶರ್ಗೋಲ್ಡ್. ನಾನು ಚಿಕ್ಕಂದಿನಲ್ಲಿ ವೀಣೆ ಕಲಿತವಳು. ಎಲೆಕ್ಟ್ರಿಕ್ ಗಿಟಾರನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ. ಇವನ ಬೆನ್ನು ಹತ್ತಿ ಇಂಗ್ಲೆಂಡ್ ಸುತ್ತಿದ ಮೇಲೆ ಕೆಲವು ಹಲಗೆ, ತಂತಿ, ತಾಮ್ರದ ಸುರುಳಿಗಳ ಬಗ್ಗೆ ನನಗೆ ಹುಟ್ಟಿದ ಬೆರಗು ಇನ್ನೂ ಇಳಿದಿಲ್ಲ.

ಡಾರ್ಟ್‌ಫರ್ಡ್ ರೋಡ್ ನೋಡಲು ಏನೇನೂ ವಿಶೇಷವಿಲ್ಲದ ರಸ್ತೆ. ಮನೆಗಳು, ನಿಂತ ಕಾರುಗಳು, ಹಾದುಹೋಗುವ ಬಸ್ಸು. ಆದರೆ ಜೆನ್ನಿಂಗ್ಸ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್ ಎಂಬ ಕಂಪನಿ ಇದ್ದದ್ದು ಇದೇ ರಸ್ತೆಯಲ್ಲಿ. ಟಾಮ್ ಜೆನ್ನಿಂಗ್ಸ್ ಮೂಲತಃ ಅಕಾರ್ಡಿಯನ್ ವ್ಯಾಪಾರದವರು. ಯುದ್ಧಕಾಲದಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಪರಿಚಯವಾಗಿದ್ದ ಡಿಕ್ ಡೆನ್ನಿ ಎಂಬ ಗಿಟಾರ್ ವಾದಕರು ಮುಂದೆ ಇವರಿಗಾಗಿ ಒಂದು ಆಂಪ್ಲಿಫೈಯರ್ ಮಾಡಿಕೊಟ್ಟರು. ಅದೇ 15 ವ್ಯಾಟ್‌ನ ವಾಕ್ಸ್ ಎಸಿ15. ಕೇಳುವ ಹುಡುಗ ಹುಡುಗಿಯರ ಕಿರುಚಾಟದಲ್ಲಿ 15 ವ್ಯಾಟ್ ಎಲ್ಲಿಗೂ ಸಾಲದಾದಾಗ 1959ರಲ್ಲಿ ಎಸಿ30 ಬಂತು. ಶ್ಯಾಡೋಸ್ ತಂಡದವರು ಮೊದಲು, ಬೀಟಲ್ಸ್ ಆಮೇಲೆ, ಇದರ ಮೂಲಕವೇ ಲೋಕಕ್ಕೆ ಕೇಳಿಸಿದರು. ಆಂಪ್ಲಿಫೈಯರಿನ ಬೆನ್ನಿಗೇ ಗಿಟಾರ್‌ಗಳೂ ಬಂದವು. 1962ರ ಫ್ಯಾಂಟಮ್‌ಗೆ ಐದು ಮೂಲೆ. ಅದರ ನಂತರದ ಮಾರ್ಕ್ 3 ಕಣ್ಣೀರ ಹನಿಯ ಆಕಾರದ್ದು. ಸ್ಟೋನ್ಸ್‌ನ ಬ್ರಯಾನ್ ಜೋನ್ಸ್ ಕೈಯಲ್ಲಿದ್ದ ಆ ಬಿಳಿ ಹನಿಯನ್ನು ಟಿವಿಯಲ್ಲಿ ನೋಡಿದ ಒಂದು ಪೀಳಿಗೆ ಈಗಲೂ ಮರೆತಿಲ್ಲ. ಗಿಟಾರ್ ಎಂದರೆ ಸೊಂಟವಿರುವ ವಾದ್ಯ ಎಂದುಕೊಂಡಿದ್ದವರ ಮುಂದೆ ಡಾರ್ಟ್‌ಫರ್ಡಿನ ಈ ಮಂದಿ ಸೊಂಟವೇ ಇಲ್ಲದ ವಾದ್ಯವನ್ನು ತಂದು ನಿಲ್ಲಿಸಿದ್ದರು. ತೊಡೆಯ ಮೇಲೆ ಇಟ್ಟರೆ ಜಾರಿಹೋಗುತ್ತದೆ, ನಿಂತೇ ನುಡಿಸಬೇಕು!

ಇಷ್ಟೊಂದು ವಿಚಿತ್ರ ಆಕಾರಗಳು ಇಂಗ್ಲೆಂಡಿನಲ್ಲಿ ಯಾಕೆ ಹುಟ್ಟಿದವು? ಉತ್ತರ ಸಂಗೀತದಲ್ಲಿಲ್ಲ, ಬೊಕ್ಕಸದಲ್ಲಿದೆ. ಎರಡನೇ ಮಹಾಯುದ್ಧ ಗೆದ್ದ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಡಾಲರ್ ಉಳಿಸಲೆಂದು ಸರ್ಕಾರ 1951ರಲ್ಲಿ ಅಮೆರಿಕದ ವಾದ್ಯಗಳ ಆಮದನ್ನೇ ತಡೆಯಿತು. ತಡೆ ತೆರವಾದದ್ದು 1959ರಲ್ಲಿ. ನಡುವಿನ ಆ ಕಾಲದಲ್ಲೇ ಇಡೀ ದೇಶದ ಹುಡುಗರಿಗೆ ಗಿಟಾರ್ ಹುಚ್ಚು ಹಿಡಿದದ್ದು. 1956ರಲ್ಲಿ ಲಾನಿ ಡಾನಿಗನ್ ಹಾಡು ಜನಪ್ರಿಯವಾದ ಮೇಲೆ ಸ್ಕಿಫಲ್ ಎಂಬ ಸಂಗೀತ ಊರೂರಿಗೆ ಹಬ್ಬಿತು. ಬಟ್ಟೆ ಉಜ್ಜುವ ಹಲಗೆಯೇ ತಾಳವಾದ್ಯ, ಚಹಾಪುಡಿಯ ಖಾಲಿ ಪೆಟ್ಟಿಗೆಗೆ ಕೋಲು ಕಟ್ಟಿ ದಾರ ಬಿಗಿದರೆ ಬಾಸ್. ಗಿಟಾರ್ ಮಾತ್ರ ಹೀಗೆ ಮನೆಯ ಸಾಮಾನಿನಲ್ಲಿ ಆಗುವ ವಸ್ತುವಲ್ಲ. ಅಂಗಡಿಗೆ ಹೋದರೆ ಫೆಂಡರ್ ಇಲ್ಲ, ಗಿಬ್ಸನ್ ಇಲ್ಲ. ಜರ್ಮನಿಯ ಹಾಫ್ನರ್ ಉಂಟು, ಚೆಕೊಸ್ಲೊವಾಕಿಯಾದಿಂದ ಬಂದು ಫ್ಯೂಚರಾಮಾ ಎಂಬ ಹೆಸರಿನಲ್ಲಿ ಬಿಕರಿಯಾಗುತ್ತಿದ್ದದ್ದು ಉಂಟು, ಆಂಟೋರಿಯಾ ಎಂದು ಹೆಸರಿಟ್ಟ ಜಪಾನಿನ ಗಿಟಾರ್ ಉಂಟು. ಜಾರ್ಜ್ ಹ್ಯಾರಿಸನ್ ಬೀಟಲ್ಸ್‌ನ ಮೊದಲ ದಿನಗಳಲ್ಲಿ ನುಡಿಸಿದ್ದು ಫ್ಯೂಚರಾಮಾವನ್ನೇ. ಆ ಬರದಲ್ಲಿ ಇಂಗ್ಲೆಂಡಿನ ಬಡಗಿಗಳು, ಅಕಾರ್ಡಿಯನ್ ರಿಪೇರಿಯವರು, ರೇಡಿಯೊ ಕೆಲಸದವರು ಉಳಿ, ಬೆಸುಗೆ ಕಡ್ಡಿ ಹಿಡಿದು ಕೂತರು. ಎದುರಿಗೆ ಮಾದರಿಯಾಗಿ ಇಡಲು ಒಂದು ಫೆಂಡರ್ ಕೂಡ ಇರಲಿಲ್ಲ. ನೋಡಿ ನಕಲು ಮಾಡಲಾಗದ್ದರಿಂದ ಪ್ರತಿಯೊಂದು ಪ್ರಶ್ನೆಗೂ ತಮ್ಮದೇ ಉತ್ತರ ಹುಡುಕಿಕೊಂಡರು.

ಆ ಉತ್ತರಗಳಿಗಾಗಿಯೇ ನನ್ನ ತಮ್ಮ ಇವುಗಳನ್ನು ಹುಡುಕಿ ಕೊಳ್ಳುತ್ತಾನೆ. ಅಮೆರಿಕದ ಗಿಟಾರ್ ಚೆನ್ನಾಗಿಲ್ಲ ಎಂದು ಅವನು ಒಮ್ಮೆಯೂ ಹೇಳಿದವನಲ್ಲ.

ಅವನ ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ದಪ್ಪ ಪರದೆ, ಮೂಲೆಯಲ್ಲಿ ಗಾಳಿಯ ತೇವ ಅಳೆಯುವ ಪುಟ್ಟ ಯಂತ್ರ. ಗೋಡೆಯುದ್ದಕ್ಕೂ ಗಿಟಾರ್‌ಗಳು. ಮೊದಲು ಕೆಳಗಿಳಿಸಿದ್ದು ಕೆಂಪು ಬಣ್ಣದ ವಾಟ್ಕಿನ್ಸ್ ರೇಪಿಯರ್. ಚಾರ್ಲಿ ವಾಟ್ಕಿನ್ಸ್ ಕೂಡ ಅಕಾರ್ಡಿಯನ್ ಪ್ರೇಮಿ. ದಕ್ಷಿಣ ಲಂಡನ್ನಿನ ಬಾಲಮ್‌ನಲ್ಲಿ ಅಂಗಡಿ ಇಟ್ಟವರು. ಗಿಟಾರ್ ಮಾಡುವ ಜವಾಬ್ದಾರಿ ತಮ್ಮ ಸಿಡ್‌ದು, ಕಾರ್ಖಾನೆ ಚರ್ಟ್ಸಿಯಲ್ಲಿ. ತಂತಿಯ ಅದುರನ್ನು ಹಿಡಿಯುವ ಪಿಕಪ್ ಎರಡಿದ್ದರೆ ರೇಪಿಯರ್ 22, ಮೂರಿದ್ದರೆ 33, ನಾಲ್ಕಿದ್ದರೆ 44. ಸೋಮವಾರದಿಂದ ಶನಿವಾರದವರೆಗೆ ಕೆಲಸಕ್ಕೆ ಹೋಗುವ ಹುಡುಗ ಅಪ್ಪನಿಂದ ಸಹಿ ಹಾಕಿಸಿ ಕಂತಿನ ಮೇಲೆ ಕೊಳ್ಳಬಹುದಾಗಿದ್ದ ಗಿಟಾರ್ ಇದು. ಅಂಚೆಯಲ್ಲಿ ಗಿಟಾರ್ ಮಾರುತ್ತಿದ್ದ ಸರ್ಬಿಟನ್‌ನ ಬೆಲ್ ಅಂಗಡಿಯ ಕ್ಯಾಟಲಾಗುಗಳನ್ನೂ ಇವನು ಜೋಪಾನ ಮಾಡಿಟ್ಟಿದ್ದಾನೆ. ಅದರಲ್ಲೊಂದರ ಪುಟದ ಅಂಚಿನಲ್ಲಿ ಯಾವನೋ ಹುಡುಗ ಪೆನ್ಸಿಲಿನಲ್ಲಿ ಕಂತಿನ ಲೆಕ್ಕ ಕೂಡಿದ್ದಾನೆ. ಕೂಡಿ, ಹೊಡೆದುಹಾಕಿ, ಕಡಿಮೆ ಬೆಲೆಯ ಇನ್ನೊಂದರ ಲೆಕ್ಕ ಮತ್ತೆ ಕೂಡಿದ್ದಾನೆ. ಎಷ್ಟೋ ಹೊತ್ತು ಆ ಪುಟ ನನ್ನ ಕೈಯಲ್ಲೇ ಇತ್ತು.

ಆಮೇಲೆ ಬರ್ನ್ಸ್ ಇಳಿಸಿದ. ಇದರ ಬಗ್ಗೆ ನಿಧಾನವಾಗಿ ಹೇಳಬೇಕು.

ಜೇಮ್ಸ್ ಆರ್ಮ್‌ಸ್ಟನ್ ಬರ್ನ್ಸ್, ಎಲ್ಲರ ಬಾಯಲ್ಲಿ ಜಿಮ್ ಬರ್ನ್ಸ್. ಹುಟ್ಟಿದ್ದು 1925ರಲ್ಲಿ, ಇಂಗ್ಲೆಂಡಿನ ಈಶಾನ್ಯ ಮೂಲೆಯ ಕಾನ್ಸೆಟ್ ಎಂಬ ಉಕ್ಕಿನ ಊರಿನಲ್ಲಿ. ಯುದ್ಧ ಮುಗಿದ ಮೇಲೆ ವಾದ್ಯಗೋಷ್ಠಿಗಳಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದರು. 1958ರಲ್ಲಿ ಸೂಪರ್‌ಸೌಂಡ್ ಎಂಬ ಕಂಪನಿಗೆ ಒಂದು ಗಿಟಾರ್ ಮಾಡಿಕೊಟ್ಟರು. ಅದರ ಮೇಲಿದ್ದ ಹೆಸರು ಐಕ್ ಐಸಾಕ್ಸ್ ಅವರದು. ರಂಗೂನಿನಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದ ಹೆಸರಾಂತ ಜಾಜ್ ವಾದಕ ಆತ. ಮರುವರ್ಷ ಹೆನ್ರಿ ವೈಲ್ ಜತೆ ಪಾಲುದಾರಿಕೆ, 1960ರಲ್ಲಿ ಎಸೆಕ್ಸ್ ಸೀಮೆಯಲ್ಲಿ ಸ್ವಂತ ಕಂಪನಿ. 1965ರಲ್ಲಿ ಅದು ಕೈಬಿಟ್ಟು ಹೋಯಿತು. ಐದೇ ವರ್ಷ. ಆ ಐದು ವರ್ಷದಲ್ಲಿ ಈ ಮನುಷ್ಯನ ತಲೆಯಿಂದ ಹೊರಟ ಯೋಚನೆಗಳನ್ನು ನೋಡಿದರೆ ಇವರು ನಿದ್ದೆ ಮಾಡುತ್ತಿದ್ದರೋ ಇಲ್ಲವೋ ಎನಿಸುತ್ತದೆ.

ತಮ್ಮನ ಬಳಿ ಇರುವುದು ಬರ್ನ್ಸ್ ಜಾಜ್ ಸ್ಪ್ಲಿಟ್ ಸೌಂಡ್. ಮೈ ಕೆಂಪು, ಅಂಚಿಗೆ ಬರುತ್ತ ಕಪ್ಪು. ಅದನ್ನು ನನ್ನ ತೊಡೆಯ ಮೇಲಿಟ್ಟ. ತಂತಿಗಳು ನೆಕ್ಕಿನ ತುದಿಯಲ್ಲಿ ಒಂದು ಫ್ರೆಟ್ಟಿನ, ಅಂದರೆ ಮೆಟ್ಟಿಲಿನ, ಮೇಲೆಯೇ ಕೂತು ಹೊರಡುತ್ತವೆ. ಬೆರಳಿಡದೆ ಮೀಟಿದ ತಂತಿಯೂ ಬೆರಳಿಟ್ಟು ಮೀಟಿದ ತಂತಿಯೂ ಒಂದೇ ಲೋಹದಿಂದ ನುಡಿಯಲಿ ಎಂದು ಮಾಡಿದ ಏರ್ಪಾಡು. ಗಿಟಾರ್ ತಿರುಗಿಸಿ ನೆಕ್ ಬಾಡಿಗೆ ಸೇರುವ ಜಾಗ ತೋರಿಸಿದ. ಅಲ್ಲೊಂದು ಸಣ್ಣ ಕಿಂಡಿ. ತಂತಿಗಳ ಎಳೆತಕ್ಕೆ ನೆಕ್ ಬಾಗದಿರಲೆಂದು ಒಳಗೆ ಉಕ್ಕಿನ ಸಲಾಕೆ ಇರುತ್ತದೆ. ಅದನ್ನು ಬಿಗಿ ಮಾಡಲು ಆ ಕಾಲದ ಫೆಂಡರಿನಲ್ಲಿ ನೆಕ್ಕನ್ನೇ ಸಡಿಲಿಸಿ ಎತ್ತಬೇಕಿತ್ತು. ಬರ್ನ್ಸ್ ಅಲ್ಲಿ ಒಂದು ಹಲ್ಲುಚಕ್ರದ ಪೆಟ್ಟಿಗೆಯನ್ನೇ ಕೂರಿಸಿಬಿಟ್ಟರು. ಕೀಲಿ ತೂರಿಸಿ ತಿರುಗಿಸಿದರೆ ಸಾಕು.

"ತಿರುಗಿಸು ಅಕ್ಕಾ, ಹೆದರಬೇಡ. ಸ್ವಲ್ಪವೇ."

ತಿರುಗಿಸಿದೆ. ಅರವತ್ತು ವರ್ಷದ ಹಿಂದೆ ಕೊರೆದ ಹಲ್ಲುಗಳು ಬೆಣ್ಣೆಯಷ್ಟು ನಯವಾಗಿ ಒಂದಕ್ಕೊಂದು ಕಚ್ಚಿಕೊಂಡು ಸರಿದವು. ಕಣ್ಣೆದುರೇ ನೆಕ್ಕಿನ ಬಾಗು ಕೂದಲೆಳೆಯಷ್ಟು ಕಡಿಮೆಯಾಯಿತು. ನಮ್ಮ ವೀಣೆಯಲ್ಲಿ ಮೇಣ ಬಿಸಿಲಿಗೆ ಮೆತ್ತಗಾಗಿ ಮೆಟ್ಟಿಲು ಸರಿದರೆ ಮತ್ತೆ ಮೇಣ ಕಟ್ಟಿಸಲು ಮೇಳಕಟ್ಟುವವರನ್ನು ಹುಡುಕಿಕೊಂಡು ಹೋಗಬೇಕು. ಇಲ್ಲಿ ಒಬ್ಬಾತ ಆ ಕೆಲಸವನ್ನು ನುಡಿಸುವವನ ಕೈಗೇ ಕೊಟ್ಟಿದ್ದಾನೆ.

ಮುಂಭಾಗದಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಹಲಗೆ, ಅದರಲ್ಲಿ ತಿರುಗಿಸುವ ಒಂದು ಸ್ವಿಚ್. ಒಂದೊಂದು ನಿಲುಗಡೆಗೂ ಒಂದೊಂದು ಹೆಸರು. 'ಸ್ಪ್ಲಿಟ್ ಸೌಂಡ್'ಗೆ ತಿರುಗಿಸಿದರೆ ಮಂದ್ರದ ಮೂರು ತಂತಿಗಳ ದನಿ ನೆಕ್ಕಿನ ಬಳಿಯ ಪಿಕಪ್ಪಿನಿಂದ ದುಂಡಗೆ ಬರುತ್ತದೆ, ತಾರದ ಮೂರು ತಂತಿಗಳದ್ದು ಕುದುರೆಯ ಬಳಿಯದರಿಂದ ಚುರುಕಾಗಿ ಬರುತ್ತದೆ. ಒಬ್ಬರೇ ನುಡಿಸಿದರೂ ಇಬ್ಬರು ಕೂತಂತೆ. ಕೊನೆಯ ನಿಲುಗಡೆಯ ಹೆಸರು 'ವೈಲ್ಡ್ ಡಾಗ್'. ಎರಡು ಪಿಕಪ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ದನಿಯ ಹೊಟ್ಟೆಯನ್ನೆಲ್ಲ ತೆಗೆದು ಬರೀ ಮೂಗು, ಹಲ್ಲು ಉಳಿಸಿದ್ದಾರೆ. ತಮ್ಮ ಆ ಕಡೆ ತಿರುಗಿಸಿ ಒಂದು ಮೀಟು ಮೀಟಿದ. ನನ್ನ ಮೈ ಝುಂ ಅಂದಿತು. ಸಂಗೀತದ ಅಂಗಡಿಯಲ್ಲಿ ಮಾರುವ ಗಂಭೀರ ವಾದ್ಯದ ಮೇಲೆ ಕಾಡುನಾಯಿ ಎಂದು ಕೆತ್ತಿಸುವ ಧೈರ್ಯ ಯಾವ ಸಭೆಯಲ್ಲಿ ಕೂತು ನಿರ್ಧರಿಸುವಂಥದ್ದಲ್ಲ. ಒಬ್ಬನೇ ಮನುಷ್ಯ ತನ್ನ ಖುಷಿಗೆ ಮಾಡಿದ ಕೆಲಸ ಅದು.

ಫ್ರೆಟ್ ಕೂರುವ ಕಪ್ಪುಗಂದು ಪಟ್ಟಿ ರೋಸ್‌ವುಡ್‌ನದು, ಅಂದರೆ ನಮ್ಮ ಬೀಟೆಯ ಬಳಗದ ಮರ. ಹಳೇ ಗಿಟಾರ್ ಕೊಳ್ಳುವವರಿಗೆ ಈ ಪಟ್ಟಿ ದೊಡ್ಡ ವಿಚಾರ. ಬ್ರೆಜಿಲ್‌ನ ರೋಸ್‌ವುಡ್ ಆಗಿದ್ದರೆ 1992ರಿಂದ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ, ಕಾಗದಪತ್ರವಿಲ್ಲದೆ ಗಡಿ ದಾಟಿಸುವಂತಿಲ್ಲ. 2017ರಲ್ಲಿ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳಿಗೂ ನಿಯಮ ಬಿಗಿಯಾಯಿತು. ಬ್ರೆಜಿಲ್‌ನದನ್ನು ಬಿಟ್ಟು ಉಳಿದವುಗಳಿಂದ ಮಾಡಿದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಪಶ್ಚಿಮ ಘಟ್ಟದ ಬೀಟೆ ಇಂದು ಜಗತ್ತಿನ ಗಿಟಾರ್ ತಯಾರಕರ ಮೆಚ್ಚಿನ ಮರ. ಇಂಗ್ಲೆಂಡಿನ ಒಂದು ಕೋಣೆಯಲ್ಲಿ ಕೂತು ಬೀಟೆಯ ವಿಚಾರ ಮಾತಾಡುತ್ತ ಇಬ್ಬರಿಗೂ ಊರು ನೆನಪಾಗಿ ಸ್ವಲ್ಪ ಹೊತ್ತು ಗಿಟಾರ್ ಪಕ್ಕಕ್ಕಿಟ್ಟು ಕಾಫಿ ಕುಡಿದೆವು.

ಬರ್ನ್ಸ್ ಕಥೆಯ ಶಿಖರ ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್‌ಗೆ ಮಾಡಿಕೊಟ್ಟ ಗಿಟಾರ್. ಅದಕ್ಕೂ ಮೊದಲಿನ ಒಂದು ಎಳೆ ನಮ್ಮ ಲಖನೌದಿಂದ ಹೊರಡುತ್ತದೆ. 1940ರಲ್ಲಿ ಲಖನೌದಲ್ಲಿ ಹುಟ್ಟಿದ ಹ್ಯಾರಿ ವೆಬ್ ಎಂಬ ಹುಡುಗ ಸ್ವಾತಂತ್ರ್ಯ ಬಂದ ಮರುವರ್ಷ ಮನೆಯವರ ಜತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ. ಬೆಳೆದು ಕ್ಲಿಫ್ ರಿಚರ್ಡ್ ಆದ. 1959ರಲ್ಲಿ ತನ್ನ ಜತೆ ನುಡಿಸುವ ಹ್ಯಾಂಕ್ ಮಾರ್ವಿನ್‌ಗಾಗಿ ಆತ ಅಮೆರಿಕದಿಂದ ಒಂದು ಫೆಂಡರ್ ಸ್ಟ್ರಾಟೊಕಾಸ್ಟರ್ ತರಿಸಿದ. ಬ್ರಿಟನ್ನಿಗೆ ಬಂದ ಮೊಟ್ಟಮೊದಲ ಸ್ಟ್ರಾಟೊಕಾಸ್ಟರ್ ಇದೇ ಎನ್ನುತ್ತಾರೆ. 1960ರಲ್ಲಿ ಶ್ಯಾಡೋಸ್‌ನ 'ಅಪಾಚೆ' ಬಂತು. ಹಾಡುಗಾರನೇ ಇಲ್ಲದೆ ಗಿಟಾರ್ ಒಂದೇ ಹಾಡುವ ಆ ರೆಕಾರ್ಡು ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಮಾರ್ವಿನ್ ತಂತಿ ಮೀಟಿ, ಗಿಟಾರಿನ ಕುದುರೆಗೆ ಜೋಡಿಸಿದ ಸಣ್ಣ ಸಲಾಕೆಯನ್ನು ಮೆಲ್ಲಗೆ ಒತ್ತಿ ಸ್ವರವನ್ನು ತೂಗಿಸುವುದನ್ನು ಕೇಳಿದಾಗ ಕಂಪಿತ ಗಮಕದ ನೆನಪಾಗದ ಕನ್ನಡ ಕಿವಿ ಇರಲಾರದು. ಆದರೆ ಆ ಸಲಾಕೆ ಬಳಸಿದಾಗಲೆಲ್ಲ ತಂತಿಗಳ ಶ್ರುತಿ ಜಾರುತ್ತಿತ್ತು. ಬರ್ನ್ಸ್, ಮಾರ್ವಿನ್ ಕೂತು ಒಂದಾದ ಮೇಲೊಂದು ಮಾದರಿ ಮಾಡಿ, ಬಿಸಾಡಿ, ಮತ್ತೆ ಮಾಡಿ 1964ರಲ್ಲಿ ಬರ್ನ್ಸ್ ಮಾರ್ವಿನ್ ಹೊರತಂದರು. ಬಿಳಿ ಮೈ, ಆಮೆಚಿಪ್ಪಿನ ಬಣ್ಣದ ಹಲಗೆ, ಪಿಟೀಲಿನದರಂತೆ ಸುರುಳಿ ಸುತ್ತಿದ ತಲೆ. ಒಳಗೆ, ಫೆಂಡರ್ ಒಂದು ಲೋಹದ ಇಟ್ಟಿಗೆ ಇಟ್ಟಿದ್ದ ಜಾಗದಲ್ಲಿ, ಆರು ತಂತಿಗೆ ಆರು ಕೊಳವೆ. ಆ ವರ್ಷದ ಮಾರ್ವಿನ್ ಒಂದನ್ನು ಮುಟ್ಟಿ ನೋಡುವ ಭಾಗ್ಯ ನನಗೆ ಇನ್ನೂ ಬಂದಿಲ್ಲ. ತಮ್ಮನಿಗೆ ಬಂದಿದೆ, ಕೊಳ್ಳುವ ಭಾಗ್ಯ ಬಂದಿಲ್ಲ.

ಹೊಸತು ಹುಡುಕುವ ಕೈಗೆ ಹಣ ಹಿಡಿಯಲು ಬರಲಿಲ್ಲ. 1965ರ ಆರಂಭದಲ್ಲಿ ಫೆಂಡರನ್ನು ಸಿಬಿಎಸ್ 130 ಲಕ್ಷ ಡಾಲರಿಗೆ ಕೊಂಡಿತು. ಅದಕ್ಕೆ ಬೇಡಿಕೆ ಇಟ್ಟು ಸೋತಿದ್ದ ಸಿನ್ಸಿನಾಟಿಯ ಬಾಲ್ಡ್‌ವಿನ್ ಪಿಯಾನೊ ಕಂಪನಿ ಅದೇ ವರ್ಷ ಬರ್ನ್ಸನ್ನು ಕೊಂಡುಕೊಂಡಿತು. ಆಗಲೇ ಸಿದ್ಧವಾಗಿದ್ದ ಗಿಟಾರ್‌ಗಳಲ್ಲಿ ಬರ್ನ್ಸ್ ಎಂಬ ಹೆಸರನ್ನು ಕೊರೆದು ತೆಗೆದು, ಆ ಹಳ್ಳಕ್ಕೆ ಬಾಲ್ಡ್‌ವಿನ್ ಎಂಬ ತುಂಡು ಅಂಟಿಸಿ ಮಾರಿದರು. ತಮ್ಮನ ಬಳಿ ಅಂಥದ್ದೂ ಒಂದಿದೆ. ಬೆರಳಾಡಿಸಿದರೆ ಅಂಟಿಸಿದ ತುಂಡಿನ ಅಂಚು ತಟ್ಟುತ್ತದೆ. ಸಂಗ್ರಾಹಕರಿಗೆ ಇದು 1965, 66ರ ಗುರುತು, ಕಾಲ ಹೇಳುವ ಸಾಕ್ಷಿ. ನನಗೆ ಮಾತ್ರ ಒಬ್ಬನ ಮನೆಯ ಹೆಸರು ಕಿತ್ತು ಇನ್ನೊಬ್ಬ ತನ್ನದು ಹಾಕಿದ ಹಾಗೆ ಕಂಡು ಸಂಕಟವಾಯಿತು. 1970ಕ್ಕೆ ಬಾಲ್ಡ್‌ವಿನ್ ಗಿಟಾರ್ ಮಾಡುವುದನ್ನೇ ನಿಲ್ಲಿಸಿತು. ಆದರೆ ಬರ್ನ್ಸ್ ಕಾರ್ಖಾನೆಯಲ್ಲಿ ಪಳಗಿದ ಜ್ಯಾಕ್ ಗೋಲ್ಡರ್, ನಾರ್ಮನ್ ಹೌಲ್ಡರ್ ಎಸೆಕ್ಸ್‌ನಲ್ಲೇ ಶರ್ಗೋಲ್ಡ್ ಕಟ್ಟಿದರು. ಮೊದಲು ಬೇರೆಯವರಿಗಾಗಿ ಹೇಮನ್ ಗಿಟಾರ್‌ಗಳನ್ನು ಮಾಡಿ, 1975ರ ಸುಮಾರಿಗೆ ತಮ್ಮದೇ ಹೆಸರಿನಲ್ಲಿ ಹೊರಬಂದರು. ಜಿಮ್ ಬರ್ನ್ಸ್ 1974ರಲ್ಲಿ ಮತ್ತೆ ಎದ್ದು, ಕಾಂಕಾರ್ಡ್ ವಿಮಾನದ ರೇಖೆ ಹಿಡಿದು 'ಫ್ಲೈಟ್' ಎಂಬ ಗಿಟಾರ್ ಮಾಡಿದರು. 1998ರಲ್ಲಿ ತೀರಿಕೊಂಡರು.

ಲಂಡನ್ನಿನ ಡೆನ್ಮಾರ್ಕ್ ಸ್ಟ್ರೀಟ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇಗ ದಾಟುತ್ತೇನೆ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣುವ ಪುಟ್ಟ ಬೀದಿ. ಹದಿನೇಳನೇ ಶತಮಾನದ ಕೆಲವು ಮನೆಗಳು ಇನ್ನೂ ನಿಂತಿವೆ, ಕೆಳಗೆ ಗಿಟಾರ್ ಅಂಗಡಿಗಳು. ನಾಲ್ಕನೇ ನಂಬರಿನ ಕಟ್ಟಡದಲ್ಲಿದ್ದ ರೀಜೆಂಟ್ ಸೌಂಡ್ಸ್ ಸ್ಟುಡಿಯೊದಲ್ಲಿ ಸ್ಟೋನ್ಸ್ 1964ರ ತಮ್ಮ ಮೊದಲ ಆಲ್ಬಮ್ ಧ್ವನಿಮುದ್ರಿಸಿದ್ದರು. ಅಲ್ಲೀಗ ಅದೇ ಹೆಸರಿನ ಗಿಟಾರ್ ಅಂಗಡಿ. ಕಿಟಕಿಗಳ ತುಂಬ ಅಮೆರಿಕದ ಹೆಸರುಗಳು. ಬ್ರಿಟಿಷ್ ಗಿಟಾರ್ ನೋಡಲು ಬ್ರಿಟನ್ನಿನ ಈ ಬೀದಿಯಲ್ಲೂ ಕೇಳಿ, ಒಳಗಿನಿಂದ ತರಿಸಿಕೊಳ್ಳಬೇಕು.

ಫೆಲ್ತಮ್ ಹಾಗಲ್ಲ, ಅಲ್ಲಿ ನಿಂತು ನೋಡಬೇಕು. ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಬಡಾವಣೆ. ಒಂದೇ ಅಚ್ಚಿನ ಸಣ್ಣ ಮನೆಗಳು, ತಲೆಯ ಮೇಲೆ ನಿಮಿಷಕ್ಕೊಂದರಂತೆ ವಿಮಾನ. ಗ್ಲ್ಯಾಡ್‌ಸ್ಟನ್ ಅವೆನ್ಯೂನ ಒಂದು ಮನೆಗೆ ನೀಲಿ ಫಲಕವಿದೆ. ಪಂಚಗಣಿಯ ಶಾಲೆಯಲ್ಲಿ ಪಿಯಾನೊ ಕಲಿತ ಫರೂಖ್ ಬಲ್ಸಾರಾ, ಅಂದರೆ ಫ್ರೆಡ್ಡಿ ಮರ್ಕ್ಯುರಿ, ಇಂಗ್ಲೆಂಡಿಗೆ ಬಂದು ನೆಲೆಸಿದ ಮೊದಲ ಮನೆ. ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಬ್ರಯಾನ್ ಮೇ ಬೆಳೆದ ಮನೆಯಿತ್ತು. ಮುಂದೆ ಇಬ್ಬರೂ ಸೇರಿ ಕ್ವೀನ್ ತಂಡ ಕಟ್ಟಿದರು. ಆಗ ಪರಸ್ಪರ ಗೊತ್ತೇ ಇರಲಿಲ್ಲ.

1963ರ ಆಗಸ್ಟ್‌ನಲ್ಲಿ ಹದಿನಾರರ ಬ್ರಯಾನ್ ಮತ್ತು ತಂದೆ ಹೆರಾಲ್ಡ್ ಗಿಟಾರ್ ಮಾಡಲು ಕೂತರು. ಫೆಂಡರ್ ಕೊಳ್ಳುವಷ್ಟು ಹಣ ಮನೆಯಲ್ಲಿರಲಿಲ್ಲ. ತಂದೆ ಎಲೆಕ್ಟ್ರಾನಿಕ್ಸ್ ಬಲ್ಲವರು, ವಿಮಾನಯಾನ ಇಲಾಖೆಯ ನೌಕರ. ಯಾರದೋ ಮನೆಯಿಂದ ಕಿತ್ತುಹಾಕಿದ್ದ ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟು ನೆಕ್ ಆಯಿತು. ಅದರಲ್ಲಿದ್ದ ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿದರು. ಹಳೇ ಓಕ್ ಮೇಜಿನ ತುಂಡಿನಿಂದ ಮೈ. ಸ್ವರ ತೂಗಿಸುವ ಯಂತ್ರಕ್ಕೆ ಹಳೇ ಮೋಟಾರ್ ಸೈಕಲಿನ ವಾಲ್ವ್ ಸ್ಪ್ರಿಂಗ್, ಅದರ ಹಿಡಿಕೆಗೆ ಸೈಕಲ್ಲಿನ ಚೀಲ ತೂಗುಹಾಕುವ ಕಂಬಿ, ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ಮೊನೆ. ಸ್ವರಸ್ಥಾನದ ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನಚಿಪ್ಪಿನ ಗುಂಡಿಗಳು. ಖರ್ಚು 8 ಪೌಂಡ್. ಅಂಗಡಿಯಿಂದ ಕೊಂಡ ಮುಖ್ಯ ಸಾಮಾನೆಂದರೆ ಮೂರು ಬರ್ನ್ಸ್ ಟ್ರೈ-ಸಾನಿಕ್ ಪಿಕಪ್. ಇಂದು ಜಗತ್ತೆಲ್ಲ ಕೇಳಿರುವ ಕ್ವೀನ್‌ನ ಆ ದನಿ ಜಿಮ್ ಬರ್ನ್ಸ್ ಪಿಕಪ್‌ಗಳಿಂದ ಹೊರಟದ್ದು. 2002ರ ಜೂನ್‌ನಲ್ಲಿ ರಾಣಿಯ ಪಟ್ಟದ ಸುವರ್ಣೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆ ಹತ್ತಿ ಬ್ರಯಾನ್ ಮೇ ನುಡಿಸಿದ್ದೂ ಇದೇ ಅಗ್ಗಿಷ್ಟಿಕೆ ಮರದ ಗಿಟಾರ್. ಫೆಲ್ತಮ್‌ನ ಆ ರಸ್ತೆಯಲ್ಲಿ ನಿಂತಾಗ ಒಂದು ಮನೆಯ ಕಾರ್ ಶೆಡ್ಡಿನಿಂದ ಗರಗಸದ ಸದ್ದು ಬರುತ್ತಿತ್ತು. ಯಾರು, ಏನು ಕೊಯ್ಯುತ್ತಿದ್ದರೋ. ಒಳಗೆ ಇಣುಕಿ ನೋಡುವ ಆಸೆ ತಡೆದುಕೊಂಡದ್ದು ಕಷ್ಟದಿಂದ.

ಇಷ್ಟೆಲ್ಲ ನೋಡಿದ ಮೇಲೆ ಒಂದು ಭಾನುವಾರ ಗಿಟಾರ್ ಸಂತೆ. ಕುದುರೆ ರೇಸಿನ ಮೈದಾನದ ದೊಡ್ಡ ಸಭಾಂಗಣದಲ್ಲಿ ಸಾಲು ಸಾಲು ಮೇಜು. ತಲೆ ನರೆತ ಗಂಡಸರೇ ಹೆಚ್ಚು. ಒಂದು ಮೇಜಿನ ಮೇಲೆ ಬಟ್ಟಲು ತುಂಬ ಹಳೇ ಆರು ಪೆನ್ಸ್ ನಾಣ್ಯ. ಬ್ರಯಾನ್ ಮೇ ತಂತಿ ಮೀಟುವುದು ಇದರಲ್ಲೇ, ಹಾಗಾಗಿ 1980ರಲ್ಲಿ ಚಲಾವಣೆ ನಿಂತ ನಾಣ್ಯಕ್ಕೆ ಇಲ್ಲಿ ಇನ್ನೂ ಗಿರಾಕಿ. ಇನ್ನೊಂದೆಡೆ ಕೆತ್ತನೆ ಮಾಡಿದ ಲೋಹದ ಹೊದಿಕೆಯ ಜೆಮೈಟಿಸ್, ಗಾಜಿನ ಪೆಟ್ಟಿಗೆಯೊಳಗೆ. ಲಿಥುವೇನಿಯಾ ಮೂಲದ ಬಡಗಿ ಟೋನಿ ಜೆಮೈಟಿಸ್ ಕರೆಂಟಿನ ಗುಂಯ್‌ಗುಡುವಿಕೆ ತಡೆಯಲೆಂದು ಗಿಟಾರಿನ ಮುಖಕ್ಕೆ ಲೋಹ ಹೊದಿಸಿದರು. ಆ ಲೋಹಕ್ಕೆ ಹೂಬಳ್ಳಿ ಬಿಡಿಸಿದ್ದು ಡ್ಯಾನಿ ಓಬ್ರಿಯನ್ ಎಂಬ ಬಂದೂಕಿನ ಕೆತ್ತನೆಗಾರ. ಅದರ ಬೆಲೆ ಕೇಳಿ ನಾವು ಕೈ ಹಿಂದಕ್ಕೆ ಕಟ್ಟಿಕೊಂಡೇ ನೋಡಿದೆವು.

ಮೂಲೆಯ ಮೇಜಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಗಂಡನ ಜತೆ ಕೂತಿದ್ದರು. ಮುಂದೆ ಬಿಚ್ಚಿಟ್ಟ ಪಿಕಪ್‌ಗಳು, ಬಿರಡೆಗಳು, ನಾಬ್‌ಗಳು. ನಾನು ಒಂದು ಪಿಕಪ್ ಎತ್ತಿ ಇದರೊಳಗೆ ಏನಿದೆ ಎಂದು ಕೇಳಿದೆ. ಆಕೆಯ ಮುಖ ಅರಳಿತು. ಶಾಲೆ ಬಿಟ್ಟ ಹೊಸತರಲ್ಲಿ ಎಸೆಕ್ಸಿನ ಒಂದು ಗಿಟಾರ್ ಕಾರ್ಖಾನೆಯಲ್ಲಿ ಪಿಕಪ್‌ಗೆ ತಂತಿ ಸುತ್ತುವ ಕೆಲಸ ಮಾಡಿದ್ದರಂತೆ. ಮುಚ್ಚಳ ಬಿಚ್ಚಿ ತೋರಿಸಿದರು. ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ, ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಬಲ ಅಲುಗುತ್ತದೆ, ತಾಮ್ರದಲ್ಲಿ ಕರೆಂಟ್ ಹುಟ್ಟುತ್ತದೆ, ಅದೇ ದನಿ. ಕೈಯಿಂದ ತಂತಿಯನ್ನು ಬಿಗಿಯಾಗಿ ಬಿಟ್ಟರೆ ಒಂದು ಬಗೆ, ಸಡಿಲವಾಗಿ ಬಿಟ್ಟರೆ ಇನ್ನೊಂದು ಬಗೆ. ನಮ್ಮದು ಬಾಬಿನ್ ಇಲ್ಲದ ಸುರುಳಿ, ಸುತ್ತಿ ಟೇಪ್ ಹಾಕುತ್ತಿದ್ದೆವು, ಅದಕ್ಕೇ ಜೋರಾಗಿ ನುಡಿಸಿದಾಗ ಕೆಲವು ಕೀರಲುತ್ತವೆ ಎಂದರು. ಟ್ರೈ-ಸಾನಿಕ್‌ಗಳಲ್ಲೂ ಬಾಬಿನ್ ಇಲ್ಲ. ಬ್ರಯಾನ್ ಮೇ ತಮ್ಮ ಮೂರು ಪಿಕಪ್‌ಗಳಿಗೆ ಅರಾಲ್ಡೈಟ್ ಅಂಟು ತುಂಬಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ಆಕೆ ಗಾಳಿಯಲ್ಲೇ ಎರಡು ಬೆರಳಿನ ನಡುವೆ ಇಲ್ಲದ ತಂತಿ ಹಿಡಿದು ಸುತ್ತಿ ತೋರಿಸಿದರು. ಆ ಬೆರಳುಗಳಿಗೆ ಎಲ್ಲ ನೆನಪಿತ್ತು. ಗಿಟಾರಿನ ಇತಿಹಾಸದ ಪುಸ್ತಕಗಳಲ್ಲಿ ಕಾರ್ಖಾನೆಯ ಒಡೆಯರ ಹೆಸರು, ನುಡಿಸಿದವರ ಹೆಸರು ಇರುತ್ತವೆ. ಸುತ್ತಿದವರ ಹೆಸರು ಇರಬೇಕಿತ್ತು.

ಅವರ ಮೇಜಿಗೆ ಒರಗಿಸಿಟ್ಟಿದ್ದದ್ದು ಒಂದು ರೇಪಿಯರ್ 33. ತಮ್ಮ ನೆಕ್ಕಿನ ಬುಡ ನೋಡಿದ, ಬಣ್ಣದ ಸಣ್ಣ ಬಿರುಕುಗಳನ್ನು ಬೆಳಕಿಗೆ ಹಿಡಿದ, ಹಿಂದಿನ ಮುಚ್ಚಳ ತೆಗೆಸಿ ಬೆಸುಗೆಗಳನ್ನು ನೋಡಿದ. ಎಲ್ಲ ಹಳೆಯವೇ, ಯಾರೂ ಕೈ ಹಾಕಿಲ್ಲ. ಬೆಲೆ ಅದೇ ವಯಸ್ಸಿನ ಫೆಂಡರ್ ಒಂದರ ಬೆಲೆಯಲ್ಲಿ ಸಣ್ಣದೊಂದು ಪಾಲು. ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ ಆಕೆ ತಡೆದರು. ನುಡಿಸದೆ ಕೊಡುವುದಿಲ್ಲ ಎಂದರು.

ಪಕ್ಕದ ಮೇಜಿನವರು ತಮ್ಮ ಎಸಿ30 ಹಾಕಿದರು. ಅದರ ಪಕ್ಕದವರು ಒಂದು ಕಾಪಿಕ್ಯಾಟ್ ತಂದರು. ಚಾರ್ಲಿ ವಾಟ್ಕಿನ್ಸ್ 1958ರಲ್ಲಿ ಹೊರತಂದ ಎಕೋ ಪೆಟ್ಟಿಗೆ ಅದು. ಇಟಲಿಯ ಗಾಯಕ ಮರೀನೊ ಮರೀನಿ ಎರಡು ಟೇಪ್ ರೆಕಾರ್ಡರ್ ಇಟ್ಟು ದನಿ ಮರುಕಳಿಸುತ್ತಿದ್ದ ಸುದ್ದಿ ಕೇಳಿ, ಅದನ್ನೇ ಸಣ್ಣ ಪೆಟ್ಟಿಗೆಯಲ್ಲಿ ಕೂರಿಸಿದ್ದಾಗಿ ವಾಟ್ಕಿನ್ಸ್ ಹೇಳಿಕೊಂಡಿದ್ದಾರೆ. ಒಳಗೆ ಟೇಪಿನ ಒಂದು ಕುಣಿಕೆ ಗಿರಗಿರ ತಿರುಗತೊಡಗಿತು. ಚರ್ಟ್ಸಿಯ ಗಿಟಾರ್, ಬಾಲಮ್ಮಿನ ಎಕೋ, ಡಾರ್ಟ್‌ಫರ್ಡಿನ ಆಂಪ್ಲಿಫೈಯರ್. ವಾಲ್ವ್‌ಗಳು ಕಾಯುವವರೆಗೆ ಕಾದು ತಮ್ಮ 'ಅಪಾಚೆ'ಯ ಮೊದಲ ಸಾಲು ಮೀಟಿದ.

ಎದುರು ಸಾಲಿನ ಒಬ್ಬಾತ ತನ್ನ ಮೇಜಿನ ಹಾಫ್ನರ್ ಎತ್ತಿಕೊಂಡು ತಾಳದ ಸ್ವರಮೇಳ ಹಿಡಿದ. ಇನ್ನೊಬ್ಬ ಬಾಸ್ ಸಿಕ್ಕಿಸಿದ. ಡ್ರಮ್ ಇಲ್ಲದ್ದಕ್ಕೆ ಒಬ್ಬ ಮುದುಕರು ಗಿಟಾರ್ ಪೆಟ್ಟಿಗೆಯ ಮೇಲೆಯೇ ಬೆರಳಿನಿಂದ ಬಾರಿಸತೊಡಗಿದರು. ಯಾರಿಗೂ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ, ಹದಿನಾಲ್ಕರ ವಯಸ್ಸಿನಿಂದ ಎಲ್ಲರ ಬೆರಳಿನಲ್ಲೂ ಇದ್ದ ಹಾಡು. ತಂತಿ ಸುತ್ತಿದ ಅಜ್ಜಿ ಎದ್ದು ನಿಂತು ನನ್ನ ತೋಳು ಹಿಡಿದು, ಆ ನಡುವಿನ ಪಿಕಪ್ ಕೇಳು, ನಡುವಿನದು ಕೇಳು ಎಂದು ಕಿವಿಯ ಹತ್ತಿರ ಕೂಗುತ್ತಿದ್ದರು. ದನಿ ಕಡಿಮೆ ಮಾಡಿ ಎಂದು ಹೇಳಲು ಬಂದ ಸಂತೆಯ ಮೇಲ್ವಿಚಾರಕರು ನಮ್ಮ ಮೇಜು ತಲುಪುವಷ್ಟರಲ್ಲಿ ಹಾಡು ಎರಡನೇ ಸುತ್ತಿಗೆ ಹೊರಳಿತ್ತು.